ಹೆಣ್ಣುಮಕ್ಕಳ ಸಾಲಿಯ ಕೊಕ್ಕೆ

ಸಾಲೆಯ ಕಸ ಹೊಡೆಯುವ ದಾವಲಬೀ ಹೊಸ ಹಲಗೆಗೆ ಸುತ್ತಿದ್ದ ಬಟ್ಟೆಯ ತುದಿ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು.

"ಬಟ್ಟಿ ಹಲಗಿಗೆ ಅಂಟ್ಕೊಂಡೈತ್ರಿ ಅಕ್ಕಾರ."

"ಕಿತ್ತು ತಗೀ ಅತ್ಲಾಗ! ಮಧ್ಯಾಹ್ನದ ರೈಲಿಗೆ ಸಾಹೇಬ್ರು ಬರ್ತಾರ," ಎಂದು ಸಾಲೆಯ ಕಮಿಟಿಯ ಯಜಮಾನ, ಸಾಹುಕಾರ ಮುದಿಯಪ್ಪ ಗದರಿದ.

ಪರ್ರನೆ ಸದ್ದಾಯಿತು. ಬಟ್ಟೆ ಕೈಗೆ ಬಂತು, ಹಲಗೆ ಬೆಳಕಿಗೆ ಬಂತು. ಹಳದಿ ನೆಲದ ಮೇಲೆ ಉಬ್ಬಿದ ಕೆಂಪು ಅಕ್ಷರಗಳು. 'ಗರ್ಲ್ಸ್ ಸ್ಕೂಲ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಲ್ಲರ ಕಣ್ಣುಗಳೂ ಮೊದಲ ಶಬ್ದದ ಕೊನೆಗೆ ಓಡಿದವು. ಅಲ್ಲಿ ಎಸ್ ಅಕ್ಷರದ ನೆತ್ತಿಯ ಪಕ್ಕದಲ್ಲಿ ಇರಬೇಕಾದ ಅಪಾಸ್ಟ್ರಫಿಯ ಕೊಕ್ಕೆ ಇರಲಿಲ್ಲ!

"ಅಯ್ಯೋ ಶಿವನೇ!" ಎಂದರು ಶೇಖರಮ್ಮ. ಆ ಹೊಸ ಸಾಲೆಯಲ್ಲಿ ಕಲಿಸಲು ಬಂದ ಅಕ್ಕೋರು ಅವರು.

ಮೂಲೆಯ ಕುರ್ಚಿಯಲ್ಲಿದ್ದ ಓಬಳೆಪ್ಪನಿಗೆ ನಗು ತಡೆಯಲಾಗಲಿಲ್ಲ. ಅಳವಂಡಿಯ ಈ ಮನುಷ್ಯ ನಿಜಾಮರ ಪೊಲೀಸಿನಲ್ಲಿ ಅಮೀನನಾಗಿದ್ದವನು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಎತ್ತು ಕದ್ದವರನ್ನೂ ಬಣವೆಗೆ ಬೆಂಕಿ ಇಟ್ಟವರನ್ನೂ ಹಿಡಿಯುತ್ತಲೇ ತಲೆ ನರೆಸಿಕೊಂಡಿದ್ದ. ಹಳೆಯ ಗೆಳೆಯ ಮುದಿಯಪ್ಪ ಕರೆದನೆಂದು ಕೊಪ್ಪಳಕ್ಕೆ ಬಂದರೆ ಇಲ್ಲಿ ಏನು ಕಳುವಾಗಿದೆ? ಕಡಲೆಕಾಳಿನಷ್ಟು ಗಾತ್ರದ ಒಂದು ಕೊಕ್ಕೆ! ಎತ್ತು ಕದ್ದವನಿಗಾದರೂ ಒಂದು ಅಂತಸ್ತು ಇರುತ್ತಿತ್ತು. ಥೂ, ಎಂಥ ಕಾಲ ಬಂತು ಎಂದುಕೊಂಡ.

ಈ ಕೊಕ್ಕೆಯ ರಾದ್ಧಾಂತ ಪೇಟೆಗೆಲ್ಲ ಗೊತ್ತಿತ್ತು. ಹೊಸ ಸಾಲೆಯನ್ನು ತೆರೆಯಲು ಬರಲಿದ್ದ ತಾಲೀಮಾತು, ಅಂದರೆ ವಿದ್ಯಾ ಇಲಾಖೆಯ ದೊಡ್ಡ ಸಾಹೇಬನಿಗೆ ಇಂಗ್ಲಿಷೆಂದರೆ ಪ್ರಾಣವಂತೆ. ಸರಿ, ಸಾಲೆಯ ಕಮಿಟಿಯವರು ಇಂಗ್ಲಿಷ್ ಹಲಗೆ ಮಾಡಿಸಲು ಹೊರಟರು. ಓದಲು ಬರುವ ಹುಡುಗಿಯರಿಗೂ ಅವರ ತಾಯಂದಿರಿಗೂ ಗೊತ್ತಿದ್ದದ್ದು ಕನ್ನಡ. ಕನ್ನಡದಲ್ಲಿ ಒಂದು ಹಲಗೆ ಬೇಕೆಂದು ಆ ಬುದ್ಧಿವಂತರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹೊಳೆದದ್ದು ಜಗಳ. ಗಂಡುಹುಡುಗರ ಸಾಲೆಯ ಇಂಗ್ಲಿಷ್ ಮಾಸ್ತರ ಕರಿಬಸಪ್ಪ, ಶಬ್ದದ ಕೊನೆಗೆ ಎಸ್ ಬಂತೆಂದರೆ ಮುಗಿಯಿತು, ಬಹುವಚನಕ್ಕೆ ಕೊಕ್ಕೆ ಬರುವುದೇ ಇಲ್ಲ ಎಂದ. ಶೇಖರಮ್ಮ ತಮ್ಮ ವ್ಯಾಕರಣದ ಪುಸ್ತಕ ತಂದು ಕಮಿಟಿಯ ಮುಂದೆ ಬಿಚ್ಚಿಟ್ಟರು. "ಸಾಲಿ ಭಾಳ ಮಂದಿ ಹುಡುಗ್ಯಾರದು. 'ಅವರದು' ಅಂತ ಹೇಳಾಕ ಎಸ್ ಆದ ಮ್ಯಾಲೆ ಕೊಕ್ಕಿ ಬೇಕ್ರಿ. ಎಸ್‌ಗಿಂತ ಮೊದಲ ಹಾಕಿದ್ರ ಒಬ್ಬಾಕಿ ಹುಡುಗಿ ಸಾಲಿ ಆಗ್ತೈತಿ," ಎಂದರು. ಪುಸ್ತಕದಲ್ಲೂ ಹಾಗೇ ಇತ್ತು. ಕಮಿಟಿಯವರು ತಲೆಯಾಡಿಸಿದರು. ಕರಿಬಸಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದ.

ಈಗ ಆ ಮುಖ ಅರಳಿತ್ತು.

"ನೋಡ್ರಿ ಸಾಹುಕಾರ್ರ! ತಪ್ಪು ಅಂತ ಅಕ್ಕಾರಿಗೆ ಈಗ ತಿಳಿದೈತಿ. ಸಾಹೇಬ್ರ ಮುಂದ ಮಾನ ಹೋಗ್ತೈತಿ ಅಂತ ರಾತ್ರೋರಾತ್ರಿ ಕಿತ್ತು ಒಗದಾರ!"

"ತಪ್ಪೂ ಅಲ್ಲ, ನಾ ಕಿತ್ತೂ ಇಲ್ಲ," ಎಂದರು ಶೇಖರಮ್ಮ.

"ಸಾಲಿ ಕೀಲಿಕೈ ಯಾರ ಹತ್ರ ಇತ್ತು?" ಎಂದ ಕರಿಬಸಪ್ಪ.

"ನನ್ನ ಹತ್ರಾನ ಇತ್ತು."

"ಮತ್ತೇನ ಬೇಕು!"

ಮುದಿಯಪ್ಪ ರುಮಾಲು ಸರಿಮಾಡಿಕೊಂಡ. ಪೇಟೆಯಲ್ಲಿ ಹತ್ತಿ ಕೊಳ್ಳುವಾಗ ಹುಲಿ, ಇಂಗ್ಲಿಷ್ ಬಂದವರ ಮುಂದೆ ಬೆಕ್ಕು. "ಅಕ್ಕಾರ, ಸುಳ್ಳು ಹೇಳೋರ ಕೈಯಾಗ ಹುಡುಗ್ಯಾರ್ನ ಹೆಂಗ ಕೊಡೋದ್ರಿ? ಸಾಹೇಬ್ರಿಗೆ ಇವತ್ತ ಹೇಳಿಬಿಡ್ತೀನಿ, ಸಾಲಿ ಸದ್ಯಕ್ಕ ಬ್ಯಾಡ ಅಂತ."

ಓಬಳೆಪ್ಪನ ನಗು ಅಲ್ಲಿಗೆ ನಿಂತಿತು. ಶೇಖರಮ್ಮ ಗಂಡನನ್ನು ಕಳೆದುಕೊಂಡ ಮೇಲೆ ಬಳ್ಳಾರಿಯಲ್ಲಿ ಓದಿ ಬಂದವರು. ಹೆಂಗಸು ಕಲಿಸುತ್ತಾಳೆಂಬ ಒಂದೇ ಧೈರ್ಯದ ಮೇಲೆ ಊರವರು ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪಿದ್ದರು. ಈ ಅಕ್ಕೋರು ಹೋದರೆ ಊರಿನಲ್ಲಿ ಇನ್ನೊಬ್ಬರಿಲ್ಲ. ಸಾಲೆ ಬಾಗಿಲು ತೆರೆಯುವ ಮೊದಲೇ ಮುಚ್ಚುತ್ತದೆ. ಒಂದು ಕೊಕ್ಕೆಗಾಗಿ! ಓಬಳೆಪ್ಪನಿಗೆ ಮೈಯೆಲ್ಲ ಉರಿಯಿತು.

"ತಡೀ ಮುದಿಯಪ್ಪ," ಎಂದು ಎದ್ದ. "ಕಳುವು ಅಂದ್ಮ್ಯಾಲೆ ತನಿಖಿ ಆಗ್ಲಿ. ಕೊಕ್ಕಿ ಇದ್ದದ್ದು ನೀ ನೋಡೀಯೇನು?"

"ನೋಡೀನಿ. ಅಕ್ಕಾರ್ನ ಕರ್ಕೊಂಡು ಕಿನ್ನಾಳಕ್ಕ ಹೋಗಿದ್ದೆ. ಚಿತ್ರಗಾರ ಹುಣಸಿಬೀಜದ ಅಂಟಿನಾಗ ಕಲ್ಲಿನಪುಡಿ ಕಲಿಸಿ ಅಕ್ಷರ ಎಬ್ಬಿಸಿದ್ದ, ಬಣ್ಣಾನೂ ಬಳದಿದ್ದ. ಮೆರುಗೆಣ್ಣಿ ಒಂದ ಬಾಕಿ ಇತ್ತು. ಕೊಕ್ಕಿ ಇದ್ದ ಜಾಗದಾಗ ಇತ್ತು."

"ಹಲಗಿ ತಂದವರು ಯಾರು?"

"ನಾನ," ಎಂದ ಕರಿಬಸಪ್ಪ. "ನಿನ್ನಿ ಚಕ್ಕಡಿ ಕಟ್ಕೊಂಡು ಹೋಗಿ ತಂದೀನಿ. ಬಟ್ಟಿ ಸುತ್ತಿ ಹಗ್ಗ ಬಿಗದವನೂ ನಾನ. ಬ್ಯಾರೆ ಯಾರ ಕೈಗೂ ಕೊಡಲಿಲ್ಲ."

"ಸುತ್ತುವಾಗ ಕೊಕ್ಕಿ ಇತ್ತೇನ್ರಿ?"

"ಇತ್ತು. ಕಣ್ಣಾರೆ ನೋಡೀನಿ."

"ನಿಮಗ ಸೇರಲಾರದ ಕೊಕ್ಕಿ. ಅದರ ಮ್ಯಾಲೆ ಕಣ್ಣು ಹೋತು?"

"ಸೇರಲಾರದ್ದರ ಮ್ಯಾಲೆ ಮೊದಲ ಕಣ್ಣು ಹೋಗ್ತೈತ್ರಿ ಅಮೀನ್ರ!" ಮಾಸ್ತರ ತನ್ನ ಮಾತಿಗೆ ತಾನೇ ನಕ್ಕ.

"ಭಾಳ ಛಲೋ ಹೇಳಿದ್ರಿ. ಆಮ್ಯಾಲೆ?"

"ಇಲ್ಲಿ ತಂದು ಇಟ್ಟೆ. ಅಕ್ಕಾರು ಬೀಗ ಹಾಕಿದ್ರು. ಇನ್ನ ನೀವ ತಿಳ್ಕೋರಿ."

ಓಬಳೆಪ್ಪ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕೊಕ್ಕೆ ಇರಬೇಕಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ನುಣುಪಾಗಿತ್ತು. ಬಗ್ಗಿ ನೋಡಿದ. ನುಣುಪಿನ ಮೇಲೆ ನೂಲಿನ ಗೆರೆಗಳು ಮೂಡಿದ್ದವು, ಎರಡು ಬಿಳಿ ಎಳೆಗಳು ಅಲ್ಲೇ ಕಚ್ಚಿಕೊಂಡಿದ್ದವು. ನೆಲಕ್ಕೆ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಝಾಡಿಸಿದ. ಅದರಿಂದ ಏನೂ ಉದುರಲಿಲ್ಲ.

"ದಾವಲಬೀ, ಬಟ್ಟಿ ಎಳಿಯುವಾಗ ಏನಂದಿ?"

"ಅಂಟ್ಕೊಂಡೈತಿ ಅಂದೆರಿ."

"ಕಸಾ ಹೊಡಿಯೋ ಹೆಂಗಸಿನ ಮಾತು ಏನ್ ಕೇಳ್ತೀರಿ?" ಎಂದು ಕರಿಬಸಪ್ಪ ಮೂಗು ಮುರಿದ.

"ನಿಮ್ಮ ಮಾತಿಗಿಂತ ಚೊಕ್ಕ ಐತಿ, ಅದಕ್ಕ ಕೇಳ್ತೀನಿ. ಎಷ್ಟು ಅಂಟಿತ್ತವ್ವಾ?"

"ಹಲಗಿ ತುಂಬ ಹಿಡ್ಕೊಂಡಿತ್ರಿ. ನೀವೂ ಇಲ್ಲೇ ಇದ್ರೆಲ್ಲ."

"ಇದ್ದೆ. ನಾವೆಲ್ಲ ಇದ್ವಿ. ಕಣ್ಣು ಮಾತ್ರ ಕೊಕ್ಕಿ ಮ್ಯಾಲಿತ್ತು." ಓಬಳೆಪ್ಪ ಮುದಿಯಪ್ಪನ ಕಡೆ ತಿರುಗಿದ. "ಏ ಸಾಹುಕಾರ, ಬಟ್ಟಿ ಯಾಕ ಅಂಟ್ತೈತಿ?"

"ಮೆರುಗೆಣ್ಣಿ ಹಸಿ ಇತ್ತೇನೋ."

"ಹೌದಲ್ಲ? ಹಸಿ ಇರುವಾಗ ಮಾಸ್ತರ್ರು ಬಟ್ಟಿ ಸುತ್ತಿದ್ರು. ಅದು ರಾತ್ರಿಯೆಲ್ಲ ಒಣಗಿ ಹಿಡ್ಕೊಂತು. ಈಗ ಹೇಳು, ಅಕ್ಕಾರು ರಾತ್ರಿ ಬಟ್ಟಿ ಬಿಚ್ಚಿ ಕೊಕ್ಕಿ ಕಿತ್ತಿದ್ರ, ಬಟ್ಟಿ ಆಗಲೇ ಕಿತ್ತು ಬರ್ತಿತ್ತು. ಬೆಳಿಗ್ಗಿ ದಾವಲಬೀ ಪರ್ ಅಂತ ಹರಿಯೋ ಕೆಲಸ ಇರ್ತಿರಲಿಲ್ಲ. ನಿನ್ನಿ ಸುತ್ತಿದ ಬಟ್ಟಿ ಇವತ್ತ ಮೊದಲು ಬಿಚ್ಚೈತಿ!"

ಮುದಿಯಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ.

"ಇಲ್ಲಿ ಬೆರಳಿಟ್ಟು ನೋಡು. ಮೆರುಗೆಣ್ಣಿ ಬಳದ ಮ್ಯಾಲೆ ಕೊಕ್ಕಿ ಕಿತ್ತಿದ್ರ, ಹಸಿ ಇರ್ಲಿ ಒಣಗಿರ್ಲಿ, ಬಿಳಿ ಗಾಯ ಬೀಳ್ತಿತ್ತು, ಒರಟಾಗಿರ್ತಿತ್ತು. ಇದು ಮಿಂಚಾಕತ್ತೈತಿ. ಕೊಕ್ಕಿ ಇಲ್ಲದ ಜಾಗಕ್ಕೂ ಮೆರುಗೆಣ್ಣಿ ಬಳದಾರ, ಅದರ ಮ್ಯಾಲೆ ಬಟ್ಟಿ ಎಳಿ ಅಚ್ಚು ಬಿದ್ದೈತಿ. ಅಂದ್ರ, ಹಲಗಿ ಕಿನ್ನಾಳ ಬಿಡೋಕಿಂತ ಮೊದಲ ಕೊಕ್ಕಿ ಹೋಗೈತಿ."

ಕರಿಬಸಪ್ಪ ಥಟ್ಟನೆ ದಾರಿ ಹುಡುಕಿದ. "ಹಂಗಾದ್ರ ಆ ಚಿತ್ರಗಾರಂದ ಕೆಲಸ! ಇಂಗ್ಲಿಷ್ ಬರಲಾರದ ದಡ್ಡ, ಎಲ್ಲೋ ಉದುರಿಸ್ಯಾನ!"

"ಇರಬಹುದು," ಎಂದ ಓಬಳೆಪ್ಪ. "ಆದ್ರ ಮಾಸ್ತರ್ರ, ಕಣ್ಣಾರೆ ನೋಡೀನಿ, ಇತ್ತು ಅಂದವರು ಯಾರು? ಸೇರಲಾರದ್ದರ ಮ್ಯಾಲೆ ಮೊದಲ ಕಣ್ಣು ಹೋಗ್ತೈತಿ ಅಂದವರು ಯಾರು? ಇರಲಾರದ ಕೊಕ್ಕಿ ನಿಮಗ ಹೆಂಗ ಕಾಣ್ತು? ಯಾವುದರ ಸಲುವಾಗಿ ಊರೆಲ್ಲ ಹಾರ್ಯಾಡಿದ್ರೋ, ಅದು ಇಲ್ಲ ಅಂತ ಗೊತ್ತಾಗಿಯೂ ಯಾಕ ಸುಮ್ಮನಿದ್ರಿ?"

ಮಾಸ್ತರನ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು.

"ನಾನು ಚಕ್ಕಡಿ ಕಟ್ಟಿ ಕಿನ್ನಾಳಕ್ಕ ಹೋಗಲೇನು? ಚಿತ್ರಗಾರನ್ನ ಕರ್ಕೊಂಡು ಬರ್ತೀನಿ, ಅವನ ಹೇಳ್ಲಿ."

"ಬ್ಯಾಡ್ರಿ..." ದನಿ ಪಾತಾಳಕ್ಕೆ ಇಳಿದಿತ್ತು. "'ಕಮಿಟಿಯವರು ಹೇಳ್ಯಾರ, ಅದನ್ನ ತಗದು ಮೆರುಗೆಣ್ಣಿ ಹಚ್ಚು' ಅಂತ ನಾನ ಚಿತ್ರಗಾರಗ ಸುಳ್ಳು ಹೇಳಿದೆ. ಅವ ಕೆರದು, ಬಣ್ಣ ಬಳದು ಹಚ್ಚಿಕೊಟ್ಟ."

"ಯಾಕ್ರೀ?" ಎಂದ ಮುದಿಯಪ್ಪ.

"ಇಷ್ಟು ವರ್ಷ ಹುಡುಗ್ರಿಗೆ ಕೊಕ್ಕಿ ಇಲ್ಲ ಅಂತ ಕಲಿಸೀನಿ. ಬಾಜಾರದಾಗ ಆ ಹಲಗಿ ತೂಗಿದ್ರ ನನ್ನ ಹುಡುಗ್ರು ದಿನಾ ನೋಡಿ ನಗತಿದ್ರು. ನಾ ಹೆಂಗ ತಲಿ ಎತ್ತಿ ನಡೀಲ್ರಿ?"

"ಅದಕ್ಕ ಸಾಲೀನ ಮುಚ್ಚಿಸಾಕ ನಿಂತ್ರಿ!" ಓಬಳೆಪ್ಪನಿಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. "ನಾ ಹಿಡಿದ ಕಳ್ಳರು ಹೊಟ್ಟಿಗಿಲ್ಲದ ಕದ್ದಿದ್ರು. ಹಿಡಿದ ಮ್ಯಾಲೆ ತಲಿ ತಗ್ಗಿಸ್ತಿದ್ರು. ನೀವು ಹೊಟ್ಟಿ ತುಂಬಿ ಕದ್ದು, ಆ ಹೆಣ್ಣುಮಗಳ ತಲಿ ಮ್ಯಾಲೆ ಹೊರಿಸಿದ್ರಿ. ಥೂ ನಿಮ್ಮ ಇಂಗ್ಲಿಷಿಗಿಷ್ಟು!"

ಮುದಿಯಪ್ಪ ಈಗ ಶೇಖರಮ್ಮನವರ ಕಡೆ ಬೆಣ್ಣೆಯಾದ. "ಆಗಿದ್ದು ಆತ್ರಿ ಅಕ್ಕಾರ. ನೀವ ಸಾಲಿ ನಡಸ್ರಿ. ಮಾಸ್ತರ್ರು ಊರಾಗ ದೊಡ್ಡ ಮನುಷ್ಯಾರು, ಮಾತು ಹೊರಗ ಹೋಗೋದು ಬ್ಯಾಡ. ಒಂಚೂರು ಅರಗು ಹಚ್ಚಿ ಕೊಕ್ಕಿ ಕೂಡ್ರಿಸಿಬಿಡೋಣು."

ಶೇಖರಮ್ಮ ಕಣ್ಣೊರೆಸಿಕೊಂಡರು.

"ನನಗ ಸುಳ್ಳಿ ಅಂದಾಗ ಬಾಗಿಲಾ ತೆರದ ಇತ್ತಲ್ರಿ, ಆ ಮಾತು ಹೊರಗ ಹೋಗಲಿಲ್ಲೇನು ಸಾಹುಕಾರ್ರ? ಕೊಕ್ಕಿ ಬ್ಯಾಡ. ಹಲಗಿ ಹಂಗ ತೂಗುಹಾಕ್ರಿ. ಮಾಸ್ತರ್ರು ಎಲ್ಲಿಗೂ ಹೋಗಬಾರದು, ಸಾಹೇಬ್ರು ಬಂದಾಗ ಹಲಗಿ ಬಾಜೂಕ ನಿಂದರ್ಬೇಕು. ಇಷ್ಟಾದ್ರ ನಾ ನಾಳಿ ಗಂಟಿ ಬಾರಸ್ತೀನಿ."

ಮುದಿಯಪ್ಪ ಓಬಳೆಪ್ಪನ ಮುಖ ನೋಡಿದ. ಓಬಳೆಪ್ಪ ಮೊಳೆಯನ್ನೂ ಸುತ್ತಿಗೆಯನ್ನೂ ತೆಗೆದು ಅವನ ಕೈಗೇ ಕೊಟ್ಟ.

ಹೊಸಪೇಟೆ ಕಡೆಯ ರೈಲು ಬಂತು, ಸಾಹೇಬನೂ ಬಂದ. ಹಾರ ಹಾಕಿಸಿಕೊಂಡು, ಬಾಗಿಲಲ್ಲಿ ನಿಂತು ಹಲಗೆಯನ್ನು ಗಟ್ಟಿಯಾಗಿ ಓದಿದ. ಓದಿ ಕನ್ನಡಕ ಸರಿಮಾಡಿಕೊಂಡ. ಕೈಬೆತ್ತವನ್ನೆತ್ತಿ, ಮೊದಲ ಶಬ್ದದ ಕೊನೆಯ ಖಾಲಿ ಜಾಗಕ್ಕೆ ಅದರ ತುದಿ ತಾಗಿಸಿ, ಹುಬ್ಬು ಗಂಟಿಕ್ಕಿ ಇಂಗ್ಲಿಷಿನಲ್ಲಿ ಏನೋ ಕೇಳಿದ.

ಶೇಖರಮ್ಮ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.

"ಮಾಸ್ತರ್ರ, ಅದು ಎಲ್ಲಿ ಹೋತು ಅಂತ ಸಾಹೇಬ್ರು ಕೇಳಾಕತ್ತಾರ. ಹೇಳ್ರಿ."