ಒಳಗೆ ಉಳಿದ ಕರೆಂಟು

ಆಂಪ್ಲಿಫೈಯರ್ ಒಳಗಿಂದ 'ಟಪ್' ಅಂತ ಸದ್ದು ಬಂತು. ಹಿಂದೆಯೇ ಸುಟ್ಟ ವಾಸನೆ. ಪಿಟೀಲು ಒಂದೇ ನೆಗೆತಕ್ಕೆ ಗೋಡೆಯ ಹತ್ತಿರ ಹೋಗಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತಳು.

ಪಿಟೀಲು ಅವಳ ನಿಜವಾದ ಹೆಸರಲ್ಲ. ಒಮ್ಮೆ ಪ್ರಶ್ನೆ ಕೇಳಲು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಮನೆಯಲ್ಲಿ ಇಟ್ಟ ಅಡ್ಡಹೆಸರು. ಈಗ ಮಾತ್ರ ಅವಳ ಬಾಯಿಂದ ಉಸಿರೂ ಹೊರಡಲಿಲ್ಲ.

ಅವಳ ಅಮ್ಮ ಹಳೆಯ ರೇಡಿಯೋ, ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುತ್ತಿದ್ದಳು. ಮನೆಯ ಮುಂದಿನ ರೂಮೇ ಅಂಗಡಿ. ಈ ಆಂಪ್ಲಿಫೈಯರ್ ಹಿಂದಿನ ಬೀದಿಯ ಡ್ರಾಯಿಂಗ್ ಮೇಷ್ಟ್ರದು. ಅದರ ಹೆಸರಿನ ಪಟ್ಟಿ ಯಾವಾಗಲೋ ಕಳಚಿ ಬಿದ್ದಿತ್ತು. ಯಾವ ಕಂಪನಿಯದೆಂದು ಮೇಷ್ಟ್ರಿಗೇ ಮರೆತುಹೋಗಿತ್ತು. ದಿನಾ ಸಂಜೆ ಬಾಗಿಲಲ್ಲಿ ನಿಂತು, "ಏನಮ್ಮಾ, ನಮ್ಮ ಮುದುಕ ಬಾಯಿ ಬಿಟ್ಟನಾ?" ಎಂದು ಕೇಳುತ್ತಿದ್ದರು.

"ಮೊದ್ಲು ಯಾವ ಮನೆತನದವನು ಅಂತ ಗೊತ್ತಾಗ್ಲಿ ಮೇಷ್ಟ್ರೇ, ಆಮೇಲೆ ಮಾತಾಡಿಸ್ತೀನಿ" ಎಂದು ಅಮ್ಮ ನಗುತ್ತಿದ್ದಳು.

ಪಿಟೀಲಿಗೆ ಇದ್ದದ್ದು ಒಂದೇ ಆಸೆ. ಆ ಮುದುಕನ ತಲೆಯ ಮೇಲಿನ ಗಾಜಿನ ವಾಲ್ವುಗಳು ಕೆಂಪಗೆ ಹೊತ್ತಿಕೊಳ್ಳುವುದನ್ನು ನೋಡಬೇಕು. ಅಮ್ಮ ವಾಲ್ವುಗಳನ್ನೆಲ್ಲ ಕಿತ್ತು ಹತ್ತಿಯಲ್ಲಿ ಸುತ್ತಿಟ್ಟಿದ್ದಳು. ಒಂದು ಮಾತ್ರ ಜಾಗದಲ್ಲೇ ಇತ್ತು. ಒಂದಾದರೂ ಸಾಕು ಎಂದುಕೊಂಡು, ಅಮ್ಮ ಸೋಲ್ಡರ್ ತರಲು ಹೋದ ಸಮಯ ನೋಡಿ ಪಿಟೀಲು ಪ್ಲಗ್ ಚುಚ್ಚಿದ್ದಳು.

ಹಳೆಯ ಸೆಟ್ಟುಗಳನ್ನು ಅಮ್ಮ ಎಂದೂ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕುವುದಿಲ್ಲ. ಮಧ್ಯೆ ಕರೆಂಟು ಒಮ್ಮೆಲೇ ನುಗ್ಗದಂತೆ ತಡೆಯುವ ಬಲ್ಬಿನ ಬೋರ್ಡ್ ಇಟ್ಟೇ ಹಾಕುತ್ತಾಳೆ. ಅದು ಗೊತ್ತಿದ್ದೂ ಪಿಟೀಲು ಅವಸರ ಮಾಡಿದಳು. ಮಾಡಬಾರದ್ದು ಮಾಡಿದರೆ ಆಗಬಾರದ್ದು ಆಗುತ್ತದೆ. ಆಯಿತು.

ಅವಳು ಕಿಟಕಿ ತೆರೆದಳು. ರಫ್ ನೋಟ್‌ಬುಕ್ಕಿನಿಂದ ಗಾಳಿ ಬೀಸಿ ವಾಸನೆ ಓಡಿಸಿದಳು. ವೈರನ್ನು ಮೊದಲಿನಂತೆ ಸುತ್ತಿಟ್ಟು, ಗಣಿತದ ಪುಸ್ತಕ ಬಿಡಿಸಿಕೊಂಡು ಕೂತಳು. ಅಂಕಿಗಳು ಕಣ್ಣಿಗೆ ಕಂಡವು, ತಲೆಗೆ ಹೋಗಲಿಲ್ಲ.

ಅಮ್ಮ ಬಂದಳು. "ಏನೇ ಪಿಟೀಲು, ಇಷ್ಟೊಂದು ಸೈಲೆಂಟು? ತಂತಿ ಕಿತ್ತೋಯ್ತಾ?"

"ಹೋಂವರ್ಕ್ ಇದೆ."

ಅಮ್ಮ ಚಪ್ಪಲಿ ಬಿಡುತ್ತಾ ಮೂಗು ಅರಳಿಸಿದಳು ಅಷ್ಟೇ. ಪಿಟೀಲು ಕೂಡಲೇ, "ಪಕ್ಕದ್ಮನೇಲಿ ಏನೋ ಸುಟ್ಟಿರ್ಬೇಕು" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಪುಣ್ಯಕ್ಕೆ ಅಮ್ಮ ಅವಸರದಲ್ಲಿದ್ದಳು.

ಅಮ್ಮ ಆಂಪ್ಲಿಫೈಯರನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಮೇಷ್ಟ್ರು ಬರೋದ್ರೊಳಗೆ ಇವನ ಕುಲಗೋತ್ರ ಕಂಡುಹಿಡೀಬೇಕು. ಒಳಗಡೆ ಎಲ್ಲೋ ನಂಬರ್ ಹೊಡೆದಿರ್ತಾರೆ. ಧೂಳು ಒರೆಸಿದ್ರೆ ಕಾಣುತ್ತೆ." ಸ್ಕ್ರೂಡ್ರೈವರ್ ಎತ್ತಿಕೊಂಡವಳು ತಿರುಗಿ ನೋಡಿದಳು. "ಇದನ್ನ ಯಾರೂ ಆನ್ ಮಾಡಿಲ್ಲ ತಾನೆ?"

ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲಮ್ಮ" ಎಂದಳು ಪಿಟೀಲು.

ಅಮ್ಮ ತಳದ ಸ್ಕ್ರೂಗಳನ್ನು ಬಿಚ್ಚತೊಡಗಿದಳು. ಯಾವಾಗಲೂ ಮೊದಲು ಕೈಗೆ ತೆಗೆದುಕೊಳ್ಳುವ, ಕರೆಂಟು ಅಳೆಯುವ ಮೀಟರ್ ಇವತ್ತು ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿದ ಕೂಡಲೇ ಪಿಟೀಲಿಗೆ ಅಮ್ಮ ಹಿಂದೆಂದೋ ಹೇಳಿದ ಮಾತು ನೆನಪಾಯಿತು.

"ಪ್ಲಗ್ ಕಿತ್ತ ಮಾತ್ರಕ್ಕೆ ಕರೆಂಟು ಹೋಗ್ಬಿಡಲ್ಲ ಕಣೇ. ಈ ಡಬ್ಬಿ ಇದ್ಯಲ್ಲ, ಕಂಡೆನ್ಸರ್, ಇದು ಕೊಡ ಇದ್ದ ಹಾಗೆ. ನಲ್ಲಿ ನಿಲ್ಸಿದ್ರೂ ಕೊಡ ತುಂಬೇ ಇರುತ್ತೆ. ಮುಟ್ಟಿದ್ರೆ ಜೀವಾನೇ ಹೋಗ್ಬಹುದು."

ನಿನ್ನೆ ಅಮ್ಮ ಮೀಟರ್ ಇಟ್ಟು ನೋಡಿದ್ದಳು. ಕೊಡ ಖಾಲಿ ಇತ್ತು. ಇವತ್ತು ಅದನ್ನು ತುಂಬಿಸಿದ್ದು ಪಿಟೀಲು. ಅದು ಅಮ್ಮನಿಗೆ ಗೊತ್ತಿಲ್ಲ.

ಇಷ್ಟು ಹೊತ್ತು ಇದ್ದದ್ದು ಬೈಗುಳದ ಭಯ. ಈ ಭಯ ಬೇರೆಯೇ. ಕೂಗಬೇಕು ಅಂದುಕೊಂಡರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಅಮ್ಮ ತಳದ ತಗಡನ್ನು ಎತ್ತಿ ಪಕ್ಕಕ್ಕಿಟ್ಟಳು. ಒಂದು ಬಟ್ಟೆಯ ಚೂರು ಹಿಡಿದು, ಬರಿಗೈಯನ್ನು ಒಳಗೆ ಇಳಿಸತೊಡಗಿದಳು.

"ಅಮ್ಮಾ, ಮುಟ್ಬೇಡ!"

ಅಮ್ಮನ ಕೈ ಅಲ್ಲೇ ನಿಂತಿತು.

"ಆನ್ ಮಾಡಿದ್ದೆ. ನಾನೇ. ಟಪ್ ಅಂತು. ಕೊಡ ತುಂಬಿದೆ ಅಮ್ಮ, ಕೈ ತೆಗಿ! ತೆಗಿ!"

ಅಮ್ಮ ನಿಧಾನವಾಗಿ ಕೈ ಹಿಂದಕ್ಕೆ ತೆಗೆದಳು. ಮೀಟರ್ ತಂದಳು. ಕರೆಂಟು ಎದೆಗೆ ಹಾಯದಿರಲೆಂದು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದರಿಂದ ಮೀಟರಿನ ಕಡ್ಡಿಯನ್ನು ಕಂಡೆನ್ಸರಿಗೆ ತಾಗಿಸಿದಳು. ಮೀಟರಿನ ಮುಳ್ಳು ಸರ್ರನೆ ಎದ್ದು ಮುನ್ನೂರು ವೋಲ್ಟಿನ ಗೆರೆ ದಾಟಿ ನಿಂತಿತು.

ಅಮ್ಮ ಪ್ಲಾಸ್ಟಿಕ್ ಹಿಡಿ ಇದ್ದ ವೈರುಗಳಿಂದ ಆ ಕರೆಂಟನ್ನು ಖಾಲಿ ಮಾಡಿದಳು. ಮುಳ್ಳು ಮೆಲ್ಲಗೆ ಇಳಿಯಿತು. ಸೊನ್ನೆಗೆ ಬಂದ ಮೇಲೂ ಅವಳು ಸುಮಾರು ಹೊತ್ತು ಹಿಡಿದೇ ಇದ್ದಳು. ಆಮೇಲೆ ಹೋಗಿ ನೆಲದ ಮೇಲೆ ಕುಸಿದು ಕೂತಳು.

ಅವಳ ಕೈ ನಡುಗುತ್ತಿತ್ತು. ಕೂದಲೆಳೆಯಂಥ ತಂತಿಗೂ ತಪ್ಪದೆ ಬೆಸುಗೆ ಹಾಕುವ ಕೈ ಅದು. ಅಮ್ಮನಿಗೂ ಹೆದರಿಕೆ ಆಗುತ್ತದೆ ಎಂದು ಪಿಟೀಲು ಯಾವತ್ತೂ ಅಂದುಕೊಂಡಿರಲಿಲ್ಲ.

"ಒಳಗೆ ಒಂದು ಚಿಕ್ಕ ಸಾಮಾನು ಸುಟ್ಟಿದೆ" ಎಂದಳು ಅಮ್ಮ ಕೊನೆಗೆ. "ಕೊಡ ಖಾಲಿ ಮಾಡೋದೇ ಅದರ ಕೆಲಸ. ಅದೇ ಹೋಗಿದೆ."

"ಮೇಷ್ಟ್ರ ಸೆಟ್ಟು ಹಾಳಾಯ್ತಾ?"

"ಸೆಟ್ಟಿಗೇನು ಧಾಡಿ? ಆ ಸಾಮಾನನ್ನ ಹೇಗೂ ಬದಲಾಯಿಸ್ತಿದ್ದೆ." ಅಮ್ಮ ಅವಳ ಮುಖ ನೋಡಿದಳು. "ನಾನು ಕೇಳ್ದಾಗ ಯಾಕೆ ಇಲ್ಲ ಅಂದೆ?"

"ನೀನು ಬೈತೀಯ ಅಂತ."

"ಬೈತಿದ್ದೆ" ಎಂದಳು ಅಮ್ಮ. "ಚೆನ್ನಾಗೇ ಬೈತಿದ್ದೆ. ಬೈದು, ಆಮೇಲೆ ಮೀಟರ್ ತಗೋತಿದ್ದೆ."

ಪಿಟೀಲು ಅಮ್ಮನ ಪಕ್ಕದಲ್ಲಿ ಕೂತು, ನಡುಗುತ್ತಿದ್ದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಈಗ ಬೈಯಮ್ಮ" ಎಂದಳು.

ಅಮ್ಮ ಬೈದಳು. ಬಲ್ಬಿನ ಬೋರ್ಡ್ ಇರುವುದು ಯಾತಕ್ಕೆ ಅನ್ನುವುದರಿಂದ ಶುರು ಮಾಡಿ, ಪಕ್ಕದ ಮನೆಯವರ ತಲೆಗೆ ಕಟ್ಟಿದ ಸುಳ್ಳಿನವರೆಗೆ ಒಂದನ್ನೂ ಬಿಡದೆ ಬೈದಳು. ನಡುವೆ ಒಮ್ಮೆ ಅವಳ ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಬೈದಳು.

ಪಿಟೀಲು ಪೂರ್ತಿ ಕೇಳಿಸಿಕೊಂಡಳು, ಆ ಕೈಯನ್ನು ಮಾತ್ರ ಬಿಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಮ್ಮ ಹೀಗೇ ಬೈಯುತ್ತಿರಲಿ ಅನ್ನಿಸಿತು ಅವಳಿಗೆ.