ಹಗೇವಿನೊಳಗಿನ ತಂಪು

ಮೇ ಹದಿನಾಲ್ಕರ ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಗೆ ದೂರು ಬಂತು. ಕೊಟ್ಟವನು ರವಿಕುಮಾರ, ಕುಷ್ಟಗಿ–ಯಲಬುರ್ಗಾ ರಸ್ತೆಯ ದ್ರಾಕ್ಷಿ ತೋಟವೊಂದರ ಮ್ಯಾನೇಜರ. ಮಾಲೀಕರು ಹೈದರಾಬಾದಿನವರು. ತೋಟದ ಬಂಗಲೆಯ ಅಡಿಯಲ್ಲಿ ನೆಲಮನೆ ಕಟ್ಟಿಸಿ, ದೇಶ ವಿದೇಶದ ವೈನ್ ಬಾಟಲಿ ತುಂಬಿಸಿದ್ದರು. ಯಾರೋ ಒಳಹೊಕ್ಕು ಅಷ್ಟನ್ನೂ ಕೆಡಿಸಿದ್ದಾರೆ ಎಂಬುದು ದೂರು.

“ಕಳುವಾಗಿಲ್ಲ, ಒಡೆದಿಲ್ಲ. ಕೆಟ್ಟೈತಿ ಅಂತ ಹೆಂಗ ಗೊತ್ತಾತ್ರಿ?” ಪಿಎಸ್‌ಐ ಹೇಮಾವತಿ ಕೇಳಿದಳು.

ಭಾನುವಾರ ಮಾಲೀಕರು ಅತಿಥಿಗಳನ್ನು ಕರೆತಂದಿದ್ದರು. ಬಿಚ್ಚಿದ ಬಾಟಲಿಯೆಲ್ಲ ಕಾಯಿಸಿದ ಬೆಲ್ಲದ ನೀರಿನಂತಿತ್ತು. ನೋಡಿದರೆ ಒಂದೊಂದು ಬಾಟಲಿಯ ಬೂಚೂ ಮೇಲೆದ್ದಿತ್ತು. ಅದು ಬಿಸಿ ತಾಗಿದ ಗುರುತು ಎಂದ ರವಿಕುಮಾರ.

“ಮಲಗಿಸಿಯೇ ಇಡಬೇಕು ಮೇಡಂ, ಬೂಚು ಒಣಗಬಾರದು. ಬೆಳಕು ಬೀಳಬಾರದು, ಅಲುಗಾಡಬಾರದು, ಹೊರಗಿನ ವಾಸನೆ ತಾಗಬಾರದು. ಹಗಲೂ ರಾತ್ರಿ ಹದಿಮೂರು ಡಿಗ್ರಿ. ಕರೆಂಟು ಹೋದರೆ ಜನರೇಟರ್.”

“ಬಾಣಂತಿಗೂ ಇಷ್ಟು ಆರೈಕಿ ಇಲ್ಲ ಬಿಡ್ರಿ,” ಎಂದ ಹೆಡ್ ಕಾನ್‌ಸ್ಟೆಬಲ್ ರಾಜಾಸಾಬ, ಎಫ್‌ಐಆರ್ ಬರೆಯುತ್ತಲೇ.

ಸಂಶಯ ಯಾರ ಮೇಲೆ ಎಂದರೆ ರವಿಕುಮಾರ ತಡಮಾಡಲಿಲ್ಲ. ಗಂಗಾವತಿಯ ಎ.ಸಿ. ಮೆಕ್ಯಾನಿಕ್ ಜಾಕೀರ. ತಂಪಿನ ಯಂತ್ರದ ಬೀಗದ ನಂಬರು ಗೊತ್ತಿರುವುದು ಅವನೊಬ್ಬನಿಗೇ. ಮೇ ನಾಲ್ಕರ ಸಂಜೆ ಯಾರೂ ಕರೆಯದೆ ಅವನ ಬೈಕು ತೋಟದೊಳಗೆ ಬಂದದ್ದು ಗೇಟಿನ ಕ್ಯಾಮೆರಾದಲ್ಲಿದೆ. ನೆಲಮನೆಯ ಬೀಗದ ಕೈ ಇರುವುದು ಅದನ್ನು ನೋಡಿಕೊಳ್ಳುವ ಆಳು ಮಾರೆಪ್ಪನ ಹತ್ತಿರ. ಅವನ ಮೇಲೆ ಸಂಶಯವೇ ಬೇಡ, ಬಾಟಲಿಯನ್ನು ಕೂಸಿನಂತೆ ಎತ್ತುವವನು ಎಂದ.

ಮಧ್ಯಾಹ್ನದ ಹೊತ್ತಿಗೆ ಜಾಕೀರನನ್ನು ಕರೆತಂದರು. ಇಪ್ಪತ್ತೈದರ ಹುಡುಗ, ಕೈಯಲ್ಲಿನ್ನೂ ಗ್ರೀಸು. ಹೇಮಾವತಿ ಕೇಳುವ ಮೊದಲೇ ಹೇಳಿಬಿಟ್ಟ:

“ನಾನಾ ಮಾಡೀನ್ರಿ. ಬರಕೋರಿ.”

“ಏನು ಮಾಡೀದಿ?”

ಹುಡುಗ ತಡವರಿಸಿದ. “ಮಷೀನ್ ಬಂದ್ ಮಾಡೀನಿ.”

“ಯಾಕ?”

ರಾಜಾಸಾಬ ಗದರಿಸಿದ, ಚಹಾ ಕುಡಿಸಿದ, ಅವನ ಅಪ್ಪನ ಹೆಸರೆತ್ತಿ ಬೈದ. ಜಾಕೀರ ನೆಲ ನೋಡುತ್ತ ಕುಳಿತ. ಹೇಮಾವತಿ ಅವನನ್ನು ಬೆಂಚಿನ ಮೇಲೆ ಕೂರಿಸಿ ಪಂಚನಾಮೆಗೆ ಹೊರಟಳು.

ಕೆಲಸದವರು ಆ ನೆಲಮನೆಗೆ ಹಗೇವು ಅನ್ನುತ್ತಾರೆ, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದ ಕುಳಿಯ ಹೆಸರು. ಮೇಲೆ ಬಿಸಿಲು ನೆತ್ತಿ ಸೀಳುತ್ತಿತ್ತು. ಹನ್ನೆರಡು ಮೆಟ್ಟಿಲು ಇಳಿದರೆ ಮಾಗಿಯ ಬೆಳಗು. ದ್ರಾಕ್ಷಿ ಕೊಯ್ಯುವವರ ತಗಡಿನ ಮನೆಗಳು ಅಲ್ಲಿಂದ ಕೂಗಳತೆಯಲ್ಲಿದ್ದವು. ಅವಕ್ಕೆ ಜನರೇಟರ್ ತಂತಿ ಎಳೆದಿರಲಿಲ್ಲ.

ಜಾಕೀರನಿಂದ ಪಡೆದ ನಂಬರು ಒತ್ತಿ ತೋಟದ ಕೆಲಸಗಾರನೊಬ್ಬ ಯಂತ್ರವನ್ನು ತೆರೆದು ತೋರಿಸಿದ. ಅದರ ನೆನಪಿನಲ್ಲಿ ದಿನಾಂಕ, ವೇಳೆ ಎಲ್ಲ ಉಳಿದಿತ್ತು. ಮೇ ನಾಲ್ಕರ ರಾತ್ರಿ ಯಾರೂ ಅದನ್ನು ನಿಲ್ಲಿಸಿರಲಿಲ್ಲ. ಆದಷ್ಟು ತಂಪಿಗೆ ಇಳಿಸಿದ್ದರು. ಮರುದಿನ ಸಂಜೆ ಮತ್ತೆ ಹದಿಮೂರಕ್ಕೆ ತಂದಿದ್ದರು.

“ಕೆಡಸಬೇಕು ಅನ್ನಾವ ತಂಪು ಯಾಕ ಹೆಚ್ಚು ಮಾಡ್ತಾನ?” ಎಂದಳು ಹೇಮಾವತಿ.

ರಾಜಾಸಾಬ ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಚೀಟಿಯ ಮೇಲೆ ನೀರು ಒಣಗಿದ ಕಲೆ, ಅದಕ್ಕೆ ಅಂಟಿದ ಗೋಣಿನಾರು. ಇನ್ನೊಂದು ತೆಗೆದ, ಅದರಲ್ಲೂ ಅದೇ. ಹಿಂದಿನ ತಗಡಿನ ಶೆಡ್ಡಿನಲ್ಲಿ ಗೋಣಿಚೀಲದ ರಾಶಿ ಸಿಕ್ಕಿತು. ಬಾಟಲಿಗಳನ್ನು ಹೊರಗೆ ಒಯ್ದಿದ್ದಾರೆ, ಹಸಿ ಗೋಣಿ ಹೊಚ್ಚಿದ್ದಾರೆ, ಮತ್ತೆ ತಂದು ಒಂದೂ ತಪ್ಪದೆ ಮಲಗಿಸಿದ್ದಾರೆ.

ಹೇಮಾವತಿ ಕೊನೆಯ ಗೋಡೆಗೆ ಬ್ಯಾಟರಿ ಬೆಳಕು ಬಿಟ್ಟಳು. ಎರಡು ಕಪಾಟುಗಳ ನಡುವೆ ಹೊಸ ಮೊಳೆ. ಮೊಳೆಗೆ ಬಿಳಿ ಅರಿವೆಯ ಎಳೆ. ಅದರ ಕೆಳಗೆ, ಕುಳಿತವರ ತಲೆ ತಾಗುವಷ್ಟು ಎತ್ತರದಲ್ಲಿ, ಗೋಡೆಗೆ ವಿಭೂತಿ ಒರೆಸಿದ ಗುರುತು. ನೆಲ ತೊಳೆದಿದ್ದರು, ಮೂಲೆಯಲ್ಲೊಂದು ಒಣ ಬಿಲ್ವಪತ್ರಿ ಉಳಿದಿತ್ತು.

ಹೇಮಾವತಿಯ ಅಜ್ಜಿ ತೀರಿಕೊಂಡಾಗಲೂ ಹೀಗೇ ಗೋಡೆಗೆ ಆನಿಸಿ ಕೂರಿಸಿದ್ದರು, ಕತ್ತು ವಾಲದಂತೆ ಹಣೆಗೆ ಅರಿವೆ ಕಟ್ಟಿ ಮೊಳೆಗೆ ಬಿಗಿದಿದ್ದರು. ಪರಊರಿನಿಂದ ಬರಬೇಕಾದವರೆಲ್ಲ ಬಂದು ಮುಖ ನೋಡುವ ತನಕ.

“ಮಾರೆಪ್ಪನ ಮನಿಯಾಗ ಯಾರರ ತೀರಿಕೊಂಡಾರೇನ್ರಿ?” ಮೇಲೆ ಬಂದು ಕೇಳಿದಳು.

“ಹೆಂಡತಿ. ಅದೇ ವಾರ ಅನ್ಸುತ್ತೆ,” ಎಂದ ರವಿಕುಮಾರ. “ಎರಡು ದಿನ ರಜೆ ಕೊಟ್ಟೆವಲ್ಲ.” ಅಷ್ಟು ಹೇಳಿ ಮೊಬೈಲು ನೋಡತೊಡಗಿದ.

ತಗಡಿನ ಮನೆಯ ಮುಂದೆ ಮಾರೆಪ್ಪ ಕುಳಿತಿದ್ದ. ಒಳಗೆ ಕುಳಿತರೆ ಬೇಯುತ್ತಿತ್ತು. ಮಗಳು ಹುಲಿಗೆಮ್ಮ ತಂಬಿಗೆಯಲ್ಲಿ ನೀರು ತಂದಳು. ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾಳೆ, ಅವ್ವನ ಸುದ್ದಿ ಕೇಳಿ ಬಂದವಳು ಇನ್ನೂ ಹೋಗಿಲ್ಲ. ಪೊಲೀಸರನ್ನು ಕಂಡು ಅವಳಿಗೆ ಅಂಜಿಕೆಯಾಗಲಿಲ್ಲ. ಮಾಲೀಕರ ಕಡೆಯಿಂದ ಬಂದಿದ್ದಾರೆಂದೇ ತಿಳಿದಳು.

“ಅವರು ಭಾಳ ದೊಡ್ಡ ಮನಸಿನವರ್ರಿ ಮೇಡಂ. ನಾ ಬರೂತನಕ ಅವ್ವನ ಕುಂದ್ರಸಾಕ ತಮ್ಮ ಹಗೇವು ಖಾಲಿ ಮಾಡಿ ಕೊಟ್ರಂತ, ಅಪ್ಪ ಹೇಳಿದ. ಮುಖ ಹಂಗಾ ಇತ್ರಿ, ಮಲಗಿ ಎದ್ದಂಗ. ಅವರು ಬಂದ್ರ ಕಾಲಿಗಿ ಬೀಳಬೇಕು ಅಂತ ಕಾಯಾಕತ್ತೀನಿ.”

ಮಾರೆಪ್ಪ ಹೇಮಾವತಿಯ ಮುಖ ನೋಡಿದ. ಅವಳು ಹುಲಿಗೆಮ್ಮನ ಮಾತು ತಿದ್ದಲಿಲ್ಲ.

“ಜಾಕೀರ ಠಾಣೇದಾಗ ಅದಾನ. ತಾನಾ ಮಾಡೀನಿ ಅಂತಾನ,” ಎಂದಷ್ಟೇ ಹೇಳಿದಳು.

ಮಾರೆಪ್ಪ ಎದ್ದು ಅಂಗಿ ಹಾಕಿಕೊಂಡ. “ಯಾವ್ದೋ ಸಾಕ್ಷಿ ಕೇಳ್ತಾರಂತವ್ವಾ, ಹೋಗಿ ಬರ್ತೀನಿ,” ಎಂದು ಮಗಳಿಗೆ ಹೇಳಿ, ತಾನೇ ಮುಂದಾಗಿ ಜೀಪಿನ ಕಡೆ ನಡೆದ.

ದಾರಿಯಲ್ಲಿ ಎಲ್ಲ ಹೇಳಿದ. ಮೇ ನಾಲ್ಕರ ಮಧ್ಯಾಹ್ನ ಹೆಂಡತಿ ಫಕೀರಮ್ಮ ದ್ರಾಕ್ಷಿ ಸಾಲಿನಲ್ಲೇ ಬಿಸಿಲು ಬಡಿದು ಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದಳು. ಹೆಣ ಇಡುವ ಥಂಡಿ ಪೆಟ್ಟಿಗೆ ಬಾಡಿಗೆಗೆ ಕೇಳಿದರೆ ಅದು ದೊಡ್ಡವರೊಬ್ಬರ ಮನೆಗೆ ಹೋಗಿತ್ತು. ಮಗಳು ಬರುವುದು ಮರುದಿನ ಮಧ್ಯಾಹ್ನ. ತಗಡಿನ ಕೆಳಗೆ ಬೆಳಗಿನ ತನಕವೂ ಹೆಣ ತಡೆಯುವಂತಿರಲಿಲ್ಲ. ಜಾಕೀರನಿಗೆ ಫೋನು ಮಾಡಿದ. ಒಮ್ಮೆ ಜ್ವರ ಬಂದಾಗ ಆ ಹುಡುಗನಿಗೆ ಫಕೀರಮ್ಮ ಗಂಜಿ ಕಾಯಿಸಿ ಕೊಟ್ಟಿದ್ದಳು. ಅವನು ಯಾಕೆಂದು ಕೇಳಲಿಲ್ಲ, ಬಂದ.

“ಮ್ಯಾನೇಜರಗ ಯಾಕ ಕೇಳಲಿಲ್ಲ?” ಎಂದಳು ಹೇಮಾವತಿ.

“ಕೇಳಿದ್ರ ಇಲ್ಲ ಅಂತಿದ್ರು. ಇಲ್ಲ ಅಂದ ಮ್ಯಾಲೆ ಒಳಗ ಒಯ್ಯಾಕ ನನಗ ಕಾಲು ಬರ್ತಿರಲಿಲ್ರಿ.”

“ಬಾಟಲಿ ಯಾಕ ತಗದಿ? ಅಲ್ಲೇ ಬಿಟ್ಟಿದ್ರ ಏನೂ ಆಗ್ತಿರಲಿಲ್ಲೋ ಮಾರೆಪ್ಪ.”

“ವಾಸನಿ ಹಿಡಿತೈತಿ ಅಂತ ಕಲಿಸಿದ್ರಲ್ರಿ. ಲೋಬಾನ, ಊದಿನಕಡ್ಡಿ ಹಚ್ಚಬೇಕಿತ್ತು. ಮತ್ತ ಸಾವಿನ ಸೂತಕ. ಮಂದಿ ಕುಡಿಯೂ ಪದಾರ್ಥ, ಅದಕ್ಕ ಹತ್ತಬಾರದು ಅಂತ ಹೊರಗ ಇಟ್ನಿ. ಹಸೀ ಗೋಣಿ ಹೊಚ್ಚಿದ್ನಿ. ತಾಸಿಗೊಮ್ಮೆ ನೀರು ಹೊಡಿಬೇಕು ಅನ್ಕೊಂಡಿದ್ನಿ. ಹೊತ್ತೇರಿದ ಮ್ಯಾಲೆ ಅಕೀ ಹಂತ್ಯಾಕ ಕುಂತ್ನಿ ನೋಡ್ರಿ, ಏಳಾಕ ಆಗಲಿಲ್ಲ. ಬದುಕಿದ್ದಾಗ ಒಂದಿನಾನೂ ಅಕಿ ಆ ಹಗೇವಿನಾಗ ಕಾಲಿಟ್ಟಿರಲಿಲ್ರಿ.”

ರಾಜಾಸಾಬ ಜೀಪಿನ ಹೊರಗೆ ನೋಡುತ್ತಿದ್ದ.

ಸಂಜೆ ಐದೂ ನಲವತ್ತಕ್ಕೆ ಅತಿಕ್ರಮ ಪ್ರವೇಶ ಮತ್ತು ಸ್ವತ್ತಿಗೆ ಹಾನಿಯ ಆರೋಪದ ಮೇಲೆ ಮಾರೆಪ್ಪನನ್ನು ಬಂಧಿಸಲಾಯಿತು. ಬಿಸಿಲಿಗೆ ಬಿದ್ದು ಸತ್ತ ಹೆಂಗಸಿನ ಬಗ್ಗೆ ಯಾವ ಠಾಣೆಯಲ್ಲೂ ದೂರು ಇರಲಿಲ್ಲ. ಕೃತ್ಯಕ್ಕೆ ಕಾರಣ ಎಂಬಲ್ಲಿ ಹೇಮಾವತಿ ಬರೆದಳು: ಮಗಳಿಗೆ ತಾಯಿಯ ಮುಖ ತೋರಿಸುವುದಕ್ಕಾಗಿ.

ಬಂಧನದ ಸುದ್ದಿಯನ್ನು ಆರೋಪಿಯ ಕಡೆಯವರೊಬ್ಬರಿಗೆ ತಿಳಿಸಲೇಬೇಕು, ಅದು ಕಾನೂನು.

“ಯಾರಿಗೆ ತಿಳಸೂಣು?” ಎಂದು ಕೇಳಿದಳು.

ಮಾರೆಪ್ಪ ತಲೆ ತಗ್ಗಿಸಿದ. ಅವನಿಗಿದ್ದವಳು ಮಗಳೊಬ್ಬಳೇ. ಅವಳಿಗೆ ತಿಳಿಸಿದರೆ, ಮಾಲೀಕರು ಹಗೇವು ಕೊಟ್ಟಿರಲಿಲ್ಲವೆಂಬುದೂ ತಿಳಿಯುತ್ತಿತ್ತು.

ಎಲ್ಲ ತಾನೇ ಮಾಡಿದ್ದೆಂದು ಮಾರೆಪ್ಪ ಬರೆಸಿದ್ದರಿಂದ ಬಿಡುಗಡೆಯಾದರೂ, ಮನೆಗೆ ಹೋಗದೆ ಬೆಂಚಿನ ಮೇಲೇ ಕುಳಿತಿದ್ದ ಜಾಕೀರ ಎದ್ದು ನಿಂತ.

“ನನಗ ತಿಳಸ್ರಿ ಮೇಡಂ.”