ಗಾಂಧಾರಿಯ ಬರಿ ಉಡಿ

"ಬರೇ ಉಡೀಲೆ ಹೊಸ್ತಲಾ ದಾಟಸಬ್ಯಾಡಬೇ ಅಕಿನ್ನ. ನೂರು ಮಕ್ಕಳ ಕಳಕೊಂಡಾಕಿ. ದಾರ್ಯಾಗ ಯಾರದರ ಉಡಿ ಬೇಡ್ತಾಳ."

ಶೆಟ್ಟೆವ್ವ ಗಾಂಧಾರಿಯ ಚಿತ್ರ ತೋರಿಸಿ ಹಿಂಗಂದಾಗ, ಅದನ್ನು ಬರೆದ ಸುವರ್ಣಾಗೆ ನಗು ತಡೆಯಲಾಗಲಿಲ್ಲ. ಧಾರವಾಡದಲ್ಲಿ ಚಿತ್ರಕಲೆ ಕಲಿತವಳು, ಪುರಾಣದ ಹೆಣ್ಣುಗಳನ್ನು ಇವತ್ತಿನ ಮುಖಗಳಲ್ಲಿ ಬರೆಯುತ್ತೇನೆಂದು ತಾಂಬಾಕ್ಕೆ ಬಂದು ಈ ಮುದುಕಿಯ ಪಡಸಾಲೆ ಬಾಡಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಎರಡು ಸಲ ಇಳಿದು, ಮೂರನೆಯ ಸಲ ನಿಂತ ಬಸಿರು.

ಚಿತ್ರದ ಗಾಂಧಾರಿಗೆ ತನ್ನ ಮುಖ ಕೊಟ್ಟವಳು ಶೆಟ್ಟೆವ್ವನೇ. ಹೆತ್ತ ಮೂರನ್ನೂ ಮಣ್ಣಿಗಿಟ್ಟ ಜೀವ. ಎಂಟು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸೆರಗು ಮುಂದೆ ಹಾಸಿ ಕೂತಿದ್ದಳು. ಯುದ್ಧ ಮುಗಿದ ಮೇಲಿನ ಗಾಂಧಾರಿ. ಚಿತ್ರದ ಸೆರಗಿನಲ್ಲಿ ಏನೂ ಇರಲಿಲ್ಲ.

ಬಸವನ ಬಾಗೇವಾಡಿಯ ಪ್ರದರ್ಶನಕ್ಕೆ ಹೊರಡುವ ಮುಂಜಾನೆ ಶೆಟ್ಟೆವ್ವ, ಮಗಳನ್ನು ತವರಿಂದ ಕಳಿಸುವ ಹಾಗೆ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ತಂದು ಚಿತ್ರದ ಸೆರಗಿಗೆ ಸುರಿದೇಬಿಟ್ಟಳು.

"ಯವ್ವಾ! ಬಣ್ಣ ಇನ್ನಾ ಹಸಿ ಐತ್ರಿ!"

ಅಂಟಿದ ಅಕ್ಕಿಕಾಳುಗಳನ್ನು ಸುವರ್ಣಾ ಚಾಕುವಿನ ತುದಿಯಿಂದ ಒಂದೊಂದಾಗಿ ಕೆರೆದಳು. ಎಲ್ಲವನ್ನೂ ಅಂಗಳಕ್ಕೆ ಎಸೆದಳು. "ಅರಿವಿ ಮ್ಯಾಲಿನ ಚಿತ್ರಕ್ಕ ಎಲ್ಲೀ ಉಡಿರಿ? ಕೋಳಿ ತಿನ್ನಲಿ ಬಿಡ್ರಿ."

ಕೋಳಿಗಳು ಹತ್ತಿರ ಸುಳಿಯಲಿಲ್ಲ.

"ನಾ ತುಂಬಿದ್ದು ತಗದಿ," ಎಂದಳು ಶೆಟ್ಟೆವ್ವ, ಮೆಲ್ಲಗೆ. "ಇನ್ನ ನೀನ ತುಂಬಬೇಕು."

ಬಾಡಿಗೆಗೆ ಹಿಡಿದ ಮೈಬೂಬನ ಗಾಡಿಯಲ್ಲಿ ಚಿತ್ರ ಹಿಂದೆ, ಸುವರ್ಣಾ ಮುಂದೆ. ದೇವರ ಹಿಪ್ಪರಗಿ ದಾಟುವಾಗ ಹಿಂದಿನಿಂದ ವಾಸನೆ ಬಂತು. ಬಣ್ಣದ ಎಣ್ಣೆಯದಲ್ಲ. ಬಾಣಂತಿ ಕೋಣೆಯದು: ಅರಿಷಿಣ, ಬಜೆ, ಲೋಬಾನದ ಹೊಗೆ, ಅದರಡಿ ಹಸಿ ರಕ್ತ.

"ಬಾಯಾರ, ಹಿಂದ ಕೂಸು ಅಳಾಕತ್ತೈತೇನ್ರಿ?"

"ರಸ್ತಾ ನೋಡಿ ಹೊಡಿಯಪಾ ನೀ."

ಹಾಗೆಂದವಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಮುಂಜಾನೆಯೆಲ್ಲ ಒದ್ದ ಕೂಸು ಸುಮ್ಮನಾಗಿತ್ತು.

ಪ್ರದರ್ಶನದ ಹೊಣೆ ಹೊತ್ತ ಡ್ರಾಯಿಂಗ್ ಟೀಚರ್ ಅಫ್ರೀನ ಹೊದಿಕೆ ಬಿಚ್ಚಿ, ಬಾಯಿಗೆ ಕೈಯಿಟ್ಟಳು. "ಅಯ್ಯ, ಏನ್ ಕೈರಿ ನಿಮ್ದು! ಉಡ್ಯಾಗಿನ ಕೂಸು ಖರೇನ ಮಲಗಿದಂಗ ಐತಲ್ರಿ!"

ಸುವರ್ಣಾ ಕೂಸನ್ನು ಬರೆದೇ ಇರಲಿಲ್ಲ.

ನೋಡಿದಳು. ಸೆರಗು ತುಂಬಿತ್ತು. ಪುಟ್ಟ ಮುಷ್ಟಿ. ಕಿವಿಯ ಕೆಳಗೆ ಮಚ್ಚೆ. ಗಂಡನಿಗಿದ್ದಂಥದ್ದೇ. ತೊಡೆಯಗುಂಟ ಬೆಚ್ಚಗೆ ಏನೋ ಇಳಿಯಿತು. ಚೀಲದಿಂದ ಚಾಕು ತೆಗೆದಳು. ಅಕ್ಕಿ ಕೆರೆದ ಅದೇ ಚಾಕು. ತುದಿ ಬಣ್ಣಕ್ಕೆ ತಾಗಿತು. ಕೂಸು ಚೀರಿತು. ಕೈ ಹಿಂದೆಗೆದಳು. ಚೀರಾಟ ನಿಂತಿತು. ಮತ್ತೆ ಕೆರೆಯುವ ಧೈರ್ಯ ಯಾವ ತಾಯಿಗಿದ್ದೀತು?

ದವಾಖಾನೆಯವರು ಅವಳ ಹೊಟ್ಟೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಏನೂ ಇರಲಿಲ್ಲ.

ಚಿತ್ರ ಈಗ ಶೆಟ್ಟೆವ್ವನ ಪಡಸಾಲೆಯಲ್ಲೇ ಇದೆ. ಬಣ್ಣ ಇನ್ನೂ ಆರಿಲ್ಲ. ಸುವರ್ಣಾ ದಿನಾ ಅದರೆದುರು ಬರಿ ಸೆರಗು ಹಾಸಿ ಕೂಡುತ್ತಾಳೆ. ತಡೆಯಲಾಗದೆ ಒಮ್ಮೊಮ್ಮೆ ಕೈ ಚಾಚುತ್ತಾಳೆ. ಆಗ ಶೆಟ್ಟೆವ್ವ ಚಿತ್ರದ ಚೌಕಟ್ಟನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತ ಗದರುತ್ತಾಳೆ:

"ಶ್ಶ್... ಮುಟ್ಟಬ್ಯಾಡಬೇ. ಈಗರ ಕಣ್ಣ ಮುಚ್ಚೈತಿ."